ಸಹಾಯ ಬೇಕು: ತೀರ್ಥಹಳ್ಳಿ ಕಡೆ ಮಳೆ ಅಳೆದು ಬರೆಯುವವರು

ಎಲ್ಲರಿಗೂ ನಮಸ್ಕಾರ. ಕೆಲಸ, ಮನೆ, ಮಕ್ಕಳ ಜೊತೆಗೆ ಈಗ ದೂರಶಿಕ್ಷಣದ ಓದೂ ಸೇರಿರುವುದರಿಂದ ಈ ಮಳೆಗಾಲ ದಿನಾ ಮಳೆ ಅಳೆಯುವುದು ನನ್ನಿಂದ ಆಗುವುದಿಲ್ಲ. ತೀರ್ಥಹಳ್ಳಿ–ಆಗುಂಬೆ ರಸ್ತೆಯ ಆಸುಪಾಸಿನವರು ಯಾರಾದರೂ ವಹಿಸಿಕೊಳ್ಳುತ್ತೀರಾ? ಮಾಪಕ, ಅಳತೆ ಜಾಡಿ, ಪುಸ್ತಕ ಎಲ್ಲ ಕೊಡುತ್ತೇನೆ.

ಹತ್ತು ನಿಮಿಷದ ಕೆಲಸ, ಆದರೆ ಬೆಳಿಗ್ಗೆ 8:30 ತಪ್ಪಬಾರದು. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿನದು, ಹೊತ್ತು ಬದಲಾದರೆ ಹೋಲಿಸಲು ಬರುವುದಿಲ್ಲ. ಮಾಪಕದ ಬಾಯಿ 20 ಸೆಂ.ಮೀ. ಅಗಲ, 31.4 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ ಇಡಬೇಕು. ಹೆಚ್ಚು ಕೈಕೊಡುವುದು ಆಲಿಕೆಯ ಕತ್ತು. ಒಂದು ತರಗೆಲೆ ಸಿಕ್ಕಿಕೊಂಡರೂ ನೀರು ಮೇಲೇ ನಿಂತು ಹೊರಚೆಲ್ಲುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಸಂಜೆ ಒಮ್ಮೆ ನೋಡಿ ತೆಗೆಯಿರಿ. ಆರಿದ್ರಾ, ಪುನರ್ವಸು ಮಳೆಯಲ್ಲಿ ಜಾಡಿ ಹಲವು ಸಲ ತುಂಬುತ್ತದೆ. ಪ್ರತಿ ಸಲದ್ದೂ ಬರೆದಿಟ್ಟೇ ಕೂಡಿ, ಬಾಯಿಲೆಕ್ಕ ಬೇಡ. ಒಂದು ದಿನ ಬಿಟ್ಟುಹೋದರೆ ಅಂದಾಜಿನಲ್ಲಿ ಹಂಚಬೇಡಿ, 'ಎರಡು ದಿನದ್ದು' ಎಂದೇ ಬರೆಯಿರಿ.

ಅಕ್ಕಪಕ್ಕದ ಎರಡು ಮನೆಯವರು ವಾರಕ್ಕೊಬ್ಬರಂತೆ ಮಾಡಿದರೂ ಆದೀತು. ಆಗುವವರು ಮೃಗಶಿರ ಹಿಡಿಯುವ ಮೊದಲೇ ತಿಳಿಸಿ, ಬಂದು ಕೂರಿಸಿಕೊಡುತ್ತೇನೆ.