ಲಿಪಿಕೋ: ‘ಮುಖವಾಡ’ ಅಂದರೆ ಸಾಕೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಮೊಜಾಂಬಿಕ್‌ನ ಮುಎಡಾ ಪ್ರಸ್ಥಭೂಮಿಯಲ್ಲೂ, ರುವುಮಾ ಹೊಳೆಯಾಚೆ ತಾಂಜಾನಿಯಾದಲ್ಲೂ ಇರುವ ಮಕೊಂಡೆ ಜನರ ಕುಣಿತದ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಸಾಲಿಗೇ ಪೆನ್ನು ನಿಂತಿತು.

ಆ ಕುಣಿತದಲ್ಲಿ ತೊಡುವ ಮರದ ತಲೆಗೆ ಲಿಪಿಕೋ ಎಂದು ಹೆಸರು. ಅದನ್ನು ಮುಖಕ್ಕೆ ಕಟ್ಟುವುದಿಲ್ಲ, ಹೆಲ್ಮೆಟ್ಟಿನ ಹಾಗೆ ಇಡೀ ತಲೆಗೆ ಇಳಿಸುತ್ತಾರೆ. ಹಗುರ ಮರವನ್ನು ಒಳಗಿನಿಂದ ತೆಳ್ಳಗೆ ಕೊರೆದು ಮಾಡಿದ್ದು. ನೆತ್ತಿಗೆ ನಿಜವಾದ ಮನುಷ್ಯರ ಕೂದಲು. ಕೆನ್ನೆಯ ಹಚ್ಚೆಗೆರೆಗಳನ್ನು ಎಷ್ಟೋ ಸಲ ಜೇನುಮೇಣದಿಂದ ಉಬ್ಬಿಸಿರುತ್ತಾರೆ. ಹೆಂಗಸಿನ ಮುಖವಾದರೆ ಮೇಲ್ದುಟಿಯಲ್ಲಿ ಬಿಲ್ಲೆ. ಕುಣಿಯುವವನು ನೋಡುವುದು ಅದರ ಕಣ್ಣಿನಿಂದಲ್ಲ, ಬಾಯಿಂದ! ಕತ್ತಿನಿಂದ ಕೆಳಗೆ ಮೈಯೆಲ್ಲ ಬಟ್ಟೆ. ಇದಕ್ಕೆ ‘ಮುಖವಾಡ ಹಾಕಿಕೊಂಡ’ ಎಂದು ಬರೆದರೆ ನನಗೇ ಸಪ್ಪೆ ಅನಿಸುತ್ತದೆ. ‘ಶಿರಸ್ತ್ರಾಣ’ ಅಂದರೆ ಯುದ್ಧಕ್ಕೆ ಹೊರಟಂತಾಯಿತು. ನಮ್ಮ ಸೋಮನ ಕುಣಿತದಲ್ಲಿ ಸೋಮನನ್ನು ‘ಹೊರು’ತ್ತಾರಲ್ಲ, ಆ ಕ್ರಿಯಾಪದ ಇಲ್ಲಿಗೆ ಒಗ್ಗೀತೆ? ತುಳುನಾಡಿನ ಭೂತದ ‘ಮೊಗ’ವನ್ನೂ ಯೋಚಿಸಿದೆ, ಆದರೆ ಅದು ಬಾಯಿಗೆ ಬಂದರೆ ಕಣ್ಣಮುಂದೆ ಪಂಜುರ್ಲಿಯೇ ನಿಲ್ಲುತ್ತದೆ.

ಇನ್ನೊಂದು ತೊಡಕು. ‘ಮುಖವಾಡ ಕಳಚಿತು’ ಅಂದರೆ ನಮ್ಮಲ್ಲಿ ಕಪಟ ಬಯಲಾಯಿತು ಎಂದೇ ಅರ್ಥ. ಮಕೊಂಡೆ ಹುಡುಗರಿಗೆ ಸುನ್ನತಿಯ ನಂತರದ ಕಲಿಕೆಯಲ್ಲಿ ತಿಳಿಯುವ ದೊಡ್ಡ ಗುಟ್ಟೇ ಅದು: ಸತ್ತವರ ಆತ್ಮವೆಂದು ತಾವು ಹೆದರಿ ಓಡುತ್ತಿದ್ದುದರ ಒಳಗಿರುವವನು ಊರಿನ ಗಂಡಸು ಎಂಬುದು. ಅಲ್ಲಿ ‘ಕಳಚಿತು’ ಬರೆದರೆ ಓದುಗರು ನಗಬಹುದು. ‘ತೆಗೆದು ತೋರಿಸಿದರು’ ಎಂದು ಸದ್ಯಕ್ಕೆ ತೇಪೆ ಹಾಕಿದ್ದೇನೆ.

ಬಹುವಚನವೂ ಕಾಡುತ್ತಿದೆ. ಒಂದಾದರೆ ಲಿಪಿಕೋ, ಹಲವಾದರೆ ಮಾಪಿಕೋ. ಕುಣಿತದ ಹೆಸರೂ ಮಾಪಿಕೋ. ‘ಮಾಪಿಕೋಗಳು’ ಬಹುವಚನದ ಮೇಲೆ ಬಹುವಚನ. ‘ಚಿಪ್ಸ್‌ಗಳು’ ಎಂದು ಬರೆಯುವ ನಮಗೆ ಅದೇನು ಮಹಾ, ಅನ್ನಬಹುದು. ನಾನು ‘ಲಿಪಿಕೋಗಳು’ ಎಂದಿಟ್ಟು, ಮಾಪಿಕೋವನ್ನು ಕುಣಿತಕ್ಕೇ ಬಿಟ್ಟಿದ್ದೇನೆ.

ಕೊನೆಗೆ, ನಿಜಕ್ಕೂ ಸೋತ ಜಾಗ. ತಾಂಜಾನಿಯಾ ಕಡೆಯ ಮಕೊಂಡೆಯರಲ್ಲಿ ಗಂಡಸು ಎದೆಗೆ ಕಟ್ಟಿಕೊಳ್ಳುವ ಮರದ ಹಲಗೆಯೊಂದಿದೆ: ಮೊಲೆ, ತುಂಬು ಬಸಿರಿನ ಹೊಟ್ಟೆ, ಅದರ ಮೇಲೆ ಹಚ್ಚೆ. ಮುಖದ ಸುಳಿವೇ ಇಲ್ಲ. ಇಂಗ್ಲಿಷಿನವರು ಇದನ್ನೂ ‘ಮಾಸ್ಕ್’ ಎಂದು ಸುಮ್ಮನಾಗಿದ್ದಾರೆ. ಹೊಟ್ಟೆಗೆ ‘ಮುಖವಾಡ’ ಎನ್ನಲು ನನ್ನ ಕೈ ಏಳುತ್ತಿಲ್ಲ. ಯಕ್ಷಗಾನದ ‘ಎದೆಕಟ್ಟು’ ನೆನಪಾಯಿತು, ಆದರೆ ಅದು ಆಭರಣ. ‘ಬಸಿರುಕಟ್ಟು’ ಅಂದರೆ ಹೇಗೆ? ಇಲ್ಲಾ, ಅದು ಬಾಣಂತಿ ಕೋಣೆಯ ಮಾತಿನ ಹಾಗೆ ಕೇಳಿಸುತ್ತದೆಯೇ?