ಐನ್‌ಮನೆ ಗೋಡೆಗೆ ಸಿಮೆಂಟ್ ಹಾಕಿಸೋದಾ?

ನಾಪೋಕ್ಲು ಅಕ್ಕ:
ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾಗೆ ಹೋಗಿದ್ದೆ. ವಾಟರ್‌ಫರ್ಡ್ ಅನ್ನೋ ಹಳ್ಳಿ ತೋರಿಸಿದಳು. 1733ರ ಸುಮಾರಿಗೆ ಪೆನ್ಸಿಲ್ವೇನಿಯಾದಿಂದ ಬಂದ ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಜನ ಕಟ್ಟಿದ ಊರು. ಕಲ್ಲಿನ ಮನೆ, ಇಟ್ಟಿಗೆ ಮನೆ, ಮರದ ದಿಮ್ಮಿಯ ಮನೆ ಎಲ್ಲ ಇವೆ. ಒಂದು ದಿಮ್ಮಿ ಮನೆಯ ಮೂಲೆ ಮುಟ್ಟಿ ನೋಡಿದೆ. ಕೆಳಗಿನ ದಿಮ್ಮಿಯ ತುದಿಯನ್ನು ಮಾಡಿನ ಹಾಗೆ ಎರಡೂ ಕಡೆ ಇಳಿಜಾರು ಕೆತ್ತಿ, ಮೇಲಿನದನ್ನು ಕಚ್ಚು ಹಾಕಿ ಕೂರಿಸಿದ್ದಾರೆ. ಮೊಳೆ ಇಲ್ಲ! ಮಾವನವರು ಕೂತು ಕೂತು ನುಣುಪಾದ ನಮ್ಮ ಐಮರ, ಜಗಲಿ ಕಂಬಗಳ ನಡುವಿನ ಮರದ ಹಲಗೆ, ನೆನಪಾಯಿತು.

ವಾಪಸ್ ಬಂದರೆ ಮೈದುನ ಐನ್‌ಮನೆಯ (ಇಡೀ ಮನೆತನಕ್ಕೆ ಸೇರಿದ ಹಿರಿಯರ ಮನೆಯ) ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಹಾಕಿಸಲು ಹೊರಟಿದ್ದಾನೆ. ಅಲ್ಲಿನಂತೆ ಐತಿಹಾಸಿಕ ತಾಣ ಅಂತ ಸರ್ಕಾರ ಹಾಕಿದ ಬೋರ್ಡ್ ಇದ್ದರೆ ತಡೀಬಹುದಿತ್ತು, ಅಲ್ವಾ?

ಅಮೆರಿಕದ ಕೊಡಗಿನವ:
ಬೋರ್ಡ್ ನಂಬಬೇಡಿ ಅಕ್ಕ. ವಾಟರ್‌ಫರ್ಡ್ 1970ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು, ನಿಜ. ಆದರೆ ಅಷ್ಟರಿಂದಲೇ ಮಾಲೀಕ ತನ್ನ ದುಡ್ಡಿನಲ್ಲಿ ಮನೆ ಕೆಡವುವುದನ್ನು ಕೇಂದ್ರ ಸರ್ಕಾರ ತಡೆಯೋಕಾಗಲ್ಲ. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ನಿಯಮ ಬೇರೆ. ಊರು ಉಳಿದದ್ದು ಊರವರಿಂದ. 1943ರಲ್ಲೇ ಫೌಂಡೇಶನ್ ಅಂತ ಒಂದು ಸಂಸ್ಥೆ ಕಟ್ಟಿಕೊಂಡು ಹಳೇ ಮನೆಗಳನ್ನು ಕೊಂಡು ರಿಪೇರಿ ಮಾಡಿಸಿ ಮಾರಿದರು. ಮನೆ, ಹೊಲಗಳ ಮೇಲೆ ಈಸ್‌ಮೆಂಟ್ ಅನ್ನೋ ಕರಾರುಗಳೂ ಆದವು. ಮನೆ ನಮ್ಮದೇ, ಆದರೆ ರೂಪ ಕೆಡಿಸಲ್ಲ ಅಂತ ಮಾಲೀಕರೇ ಸಹಿ ಹಾಕಿ ನೋಂದಣಿ ಮಾಡಿಸುತ್ತಾರೆ. ಮುಂದೆ ಕೊಂಡವರಿಗೂ ಅದು ಅಂಟಿಕೊಳ್ಳುತ್ತದೆ.

ವಿರಾಜಪೇಟೆ ಗಾರೆಯವ:
ಕಾನೂನು ಆಮೇಲೆ, ಮೊದಲು ಸಿಮೆಂಟ್ ನಿಲ್ಲಿಸಿ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತೆ. ಸುಣ್ಣದ ಗಾರೆಯಾದರೆ ಅದು ಆರಿ ಹೋಗುತ್ತೆ, ಸಿಮೆಂಟ್ ಒಳಗೇ ಕೂಡಿಡುತ್ತೆ. ನಾನೇ ಒಂದು ಮನೆಗೆ ಬಳಿದು ಕೆಟ್ಟೆ. ಮೂರನೇ ಮಳೆಗಾಲಕ್ಕೆ ಗಾರೆ ಹಲಗೆ ಹಲಗೆಯಾಗಿ ಬಿತ್ತು, ಅಂಗೈ ದಪ್ಪದ ಮಣ್ಣನ್ನೂ ಕಿತ್ತುಕೊಂಡು. ಅಮೆರಿಕದ ಹಳೇ ಮೆತ್ತನೆ ಇಟ್ಟಿಗೆಗೂ ಇದೇ ಕಾಯಿಲೆ. ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಇಟ್ಟಿಗೆಯ ಮುಖವೇ ಉದುರುತ್ತೆ.

ನಾಪೋಕ್ಲು ಅಕ್ಕ:
ಕರಾರು ಓದಿ ನಗು ಬಂತು. ಅಲ್ಲಿ ಒಂದು ಮನೆಗೆ ಒಬ್ಬ ಮಾಲೀಕ. ನಮ್ಮ ಒಕ್ಕದಲ್ಲಿ (ಮನೆತನದಲ್ಲಿ) ಸಹಿ ಹಾಕಬೇಕಾದವರೇ ಮೂವತ್ತನಾಲ್ಕು ಜನ. ಇಬ್ಬರು ದುಬೈಯಲ್ಲಿ, ಒಬ್ಬರು ಮಾತೇ ಬಿಟ್ಟಿದ್ದಾರೆ. ಹುತ್ತರಿ ಹಬ್ಬಕ್ಕೆ ಎಲ್ಲ ಸೇರಿದಾಗ ಒಕ್ಕದ ಯಜಮಾನರಾದ ಪಟ್ಟೆದಾರರ ಮುಂದೆ ಎತ್ತುತ್ತೇನೆ. ಗಾರೆಯವರೇ, ಸುಣ್ಣದ ಖರ್ಚು ಬರೆದು ಕಳಿಸಿ. ಮೈದುನ ಲೆಕ್ಕ ನೋಡದೆ ಯಾರ ಮಾತೂ ಕೇಳಲ್ಲ.