ಪ್ರಶ್ನೋತ್ತರ: ಆಪ್ಟಿಮೈಸ್ ಆದ ಮೇಲೂ ಅಮೋನಿಯಾ ಚಪ್ಪಟೆಯಾಗೇ ಇದೆ, ಏಕೆ?

ಪ್ರಶ್ನೆ: ಅಮೋನಿಯಾದ ನಾಲ್ಕೂ ಪರಮಾಣುಗಳನ್ನು ಒಂದೇ ಸಮತಲದಲ್ಲಿಟ್ಟು ಬಿ3ಎಲ್‌ವೈಪಿ ಎಂಬ ಲೆಕ್ಕದ ವಿಧಾನ, 6-31ಜಿ(ಡಿ) ಬೇಸಿಸ್ ಸೆಟ್ (ಎಲೆಕ್ಟ್ರಾನ್‌ಗಳನ್ನು ವರ್ಣಿಸುವ ಗಣಿತದ ಫಂಕ್ಷನ್‌ಗಳ ಗುಂಪು) ಬಳಸಿ ಕಂಪ್ಯೂಟರಿನಲ್ಲಿ ಆಪ್ಟಿಮೈಸೇಶನ್ (ಅಣುವಿನ ಸ್ಥಿರ ಆಕಾರ ಹುಡುಕುವ ಲೆಕ್ಕ) ಓಡಿಸಿದೆ. ಕನ್ವರ್ಜ್ ಆಯಿತು (ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತಿತು), ಆದರೆ ಅಣು ಪಿರಮಿಡ್ ಆಕಾರಕ್ಕೆ ಬರದೆ ಬಂಧಗಳ ನಡುವಿನ ಕೋನ 120 ಡಿಗ್ರಿಯಲ್ಲೇ ನಿಂತಿದೆ. ಫ್ರೀಕ್ವೆನ್ಸಿ (ಅಣುವಿನ ಕಂಪನಗಳ ಆವರ್ತನ) ಪಟ್ಟಿಯಲ್ಲಿ ಮೊದಲನೆಯದು ಮೈನಸ್ ಬಂದಿದೆ. ಸಿಮೆಟ್ರಿ (ಆಕಾರದ ಸಮ್ಮಿತಿ ಕೆಡದಂತೆ ಹಿಡಿದಿಡುವ ಆಯ್ಕೆ) ಆಫ್ ಮಾಡಿದರೂ ಅಷ್ಟೇ. ಎಲ್ಲಿ ತಪ್ಪಿದೆ ಸರ್?

ಉತ್ತರ: ತಪ್ಪು ಆರಂಭದ ಆಕಾರದಲ್ಲಿದೆ. ಆಪ್ಟಿಮೈಸೇಶನ್ ಹುಡುಕುವುದು ಬಲ ಸೊನ್ನೆಯಾಗುವ ಜಾಗವನ್ನು. ಅದು ತಗ್ಗೋ ದಿಣ್ಣೆಯೋ ಎಂದು ಹೇಳುವುದು ಫ್ರೀಕ್ವೆನ್ಸಿ ಲೆಕ್ಕ ಮಾತ್ರ. ಚಪ್ಪಟೆ ಅಮೋನಿಯಾದಲ್ಲಿ ನೈಟ್ರೋಜನ್‌ಗೆ ಮೇಲೂ ಒಂದೇ, ಕೆಳಗೂ ಒಂದೇ. ಹಾಗಾಗಿ ಸಮತಲದಿಂದ ಆಚೆ ತಳ್ಳುವ ಬಲವೇ ಇಲ್ಲ. ಸಿಮೆಟ್ರಿ ಆಫ್ ಮಾಡಿದರೆ ಕಟ್ಟು ಬಿಚ್ಚಿದಂತಾಯಿತು, ಬಲ ಹುಟ್ಟಲಿಲ್ಲ.

ಆ ಮೈನಸ್ ವಾಸ್ತವವಾಗಿ ಕಾಲ್ಪನಿಕ ಸಂಖ್ಯೆ. ಆ ದಿಕ್ಕಿನಲ್ಲಿ ಎರಡೂ ಕಡೆ ಶಕ್ತಿ ಇಳಿಯುತ್ತದೆ ಎಂದು ಅರ್ಥ. ಗಾಳಿಗೆ ಕೊಡೆ ಮಗುಚುವ ಹಾಗೆ ಅಮೋನಿಯಾ ಮಗುಚುವಾಗ ದಾಟುವ ನೆತ್ತಿ ನಿಮಗೆ ಸಿಕ್ಕಿದೆ: ಅದು ಟ್ರಾನ್ಸಿಶನ್ ಸ್ಟೇಟ್, ಸಮತೋಲನ ಆಕಾರವಲ್ಲ.

ನೈಟ್ರೋಜನ್ನನ್ನು ಸಮತಲದಿಂದ 0.2 ಆಂಗ್‌ಸ್ಟ್ರಾಮ್ ಮೇಲೆತ್ತಿ ಮತ್ತೆ ಓಡಿಸಿ. ದೊಡ್ಡ ಅಣುವಾದರೆ ಆ ಕಾಲ್ಪನಿಕ ಕಂಪನದ ದಿಕ್ಕಿನಲ್ಲೇ ಪರಮಾಣುಗಳನ್ನು ಸ್ವಲ್ಪ ಸರಿಸುವುದು ಸುಲಭ. ಬಳಿಕ ಅದೇ ವಿಧಾನ, ಅದೇ ಬೇಸಿಸ್ ಸೆಟ್‌ನಲ್ಲಿ ಫ್ರೀಕ್ವೆನ್ಸಿ ಲೆಕ್ಕ ಹಾಕಿ. ಇವೆರಡರಲ್ಲಿ ಒಂದು ಬದಲಾದರೂ ಫಲಿತಾಂಶಕ್ಕೆ ಅರ್ಥವಿಲ್ಲ. ಆರು ಕಂಪನಗಳೂ ಧನಾತ್ಮಕವಾಗಿರಬೇಕು, ಕೋನ 106 ಡಿಗ್ರಿಯ ಆಸುಪಾಸು ಬರಬೇಕು. ಶಕ್ತಿ ಚಪ್ಪಟೆ ಆಕಾರಕ್ಕಿಂತ ಕೆಳಗಿರಬೇಕು. ಪ್ರಯೋಗದಲ್ಲಿ ಈ ವ್ಯತ್ಯಾಸ, ಅಂದರೆ ಮಗುಚಲು ದಾಟಬೇಕಾದ ತಡೆ, ಮೋಲ್‌ಗೆ ಸುಮಾರು 24 ಕಿಲೋಜೂಲ್.

ಬೇಸಿಸ್ ಸೆಟ್ ಇನ್ನೂ ಚಿಕ್ಕದು ಮಾಡಬೇಡಿ. ಪೋಲರೈಸೇಶನ್ ಫಂಕ್ಷನ್ (ಎಲೆಕ್ಟ್ರಾನ್ ಮೋಡ ಒಂದು ಕಡೆ ವಾಲಲು ಬಿಡುವ ಫಂಕ್ಷನ್) ಇಲ್ಲದ 3-21ಜಿ ಎಂಬ ಚಿಕ್ಕ ಬೇಸಿಸ್ ಸೆಟ್‌ನಲ್ಲಿ ಹಾರ್ಟ್ರಿ-ಫಾಕ್ ಎಂಬ ಇನ್ನೊಂದು ವಿಧಾನದ ಲೆಕ್ಕ ಅಮೋನಿಯಾಕ್ಕೆ 112 ಡಿಗ್ರಿ ಕೊಡುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನಂತೂ ಪೂರ್ತಿ ಚಪ್ಪಟೆ ಮಾಡಿಬಿಡುತ್ತದೆ. ನಿಜದಲ್ಲಿ ಅನಿಲರೂಪದ ಪೆರಾಕ್ಸೈಡ್‌ನ ತಿರುಚು ಕೋನ (ಎರಡು ಓ-ಎಚ್ ಬಂಧಗಳ ನಡುವಿನ ತಿರುವು) 112ರ ಹತ್ತಿರ.

ಮರುಪ್ರಶ್ನೆ: ಸರಿಹೋಯಿತು, ಧನ್ಯವಾದ. ಬಂಧದ ಉದ್ದವನ್ನು ಪ್ರಯೋಗದ ಅಂಕಿಯೊಂದಿಗೆ ನೇರವಾಗಿ ಹೋಲಿಸಬಹುದೇ?

ಉತ್ತರ: ಯಾವ ಅಂಕಿ ಎಂದು ಮೊದಲು ನೋಡಿ. ನಿಮ್ಮ ಲೆಕ್ಕ ಕೊಡುವುದು ಶಕ್ತಿಯ ತಳದಲ್ಲಿನ ಉದ್ದ. ಅಣು ಆ ತಳದಲ್ಲಿ ಸುಮ್ಮನೆ ಕೂರುವುದಿಲ್ಲ. ಎಷ್ಟೇ ತಣ್ಣಗಾದರೂ ನಿಲ್ಲದ ಶೂನ್ಯಬಿಂದು ಕಂಪನ ಇದ್ದೇ ಇರುತ್ತದೆ. ತಳದ ಹೊಂಡ ಒಂದು ಕಡೆ ಕಡಿದು, ಇನ್ನೊಂದು ಕಡೆ ಇಳಿಜಾರು ಆಗಿರುವುದರಿಂದ ಸರಾಸರಿ ಉದ್ದ ಹಿಗ್ಗುತ್ತದೆ. ಹೈಡ್ರೋಜನ್ ಅಣುವಿನಲ್ಲಿ ಸಮತೋಲನ ಉದ್ದ 0.741, ಕಂಪನ ಸೇರಿದ್ದು 0.751 ಆಂಗ್‌ಸ್ಟ್ರಾಮ್. ಕೋಷ್ಟಕದಲ್ಲಿ ‘ಆರ್-ಇ’ (ಸಮತೋಲನ ಉದ್ದ) ಎಂದಿರುವುದನ್ನೇ ಹೋಲಿಸಿ, ‘ಆರ್-0’ (ಕಂಪನ ಸೇರಿದ ಉದ್ದ) ಬೇಡ.